ಎಡಗಡೆಯ ಹಕ್ಕಿ

ಮಾರ್ಚ್ ೯

ಅಕ್ಕಾ,

ವರ್ಷಕ್ಕೆ ಎರಡು ಸಾಲು ಬರೆಯುವ ತಮ್ಮನಿಂದ ಇಷ್ಟು ದಪ್ಪ ಲಕೋಟೆ ಬಂತಲ್ಲ ಎಂದು ಗಾಬರಿಯಾಗಬೇಡ. ಹುಷಾರಾಗಿದ್ದೇನೆ. ಹಿಮ ಕರಗಿ ದಾರಿ ತೆರೆಯಿತು, ಮತ್ತೆ ಕಾವಲು ಗೋಪುರ ಹತ್ತಿ ಕೂತಿದ್ದೇನೆ. ಮೂರು ಕಡೆ ಗಾಜು, ಒಂದು ಕಡೆ ಸುಣ್ಣದ ಗೋಡೆ, ಮಂಚ, ಒಲೆ, ಒಂಟಿಕಣ್ಣಿನ ದುರ್ಬೀನು. ಕಾಡಿನಲ್ಲಿ ಎಲ್ಲಾದರೂ ಹೊಗೆ ಎದ್ದರೆ ಕೆಳಗಿನ ಅರಣ್ಯ ಕಚೇರಿಗೆ ತಿಳಿಸಲು ವೈರ್‌ಲೆಸ್. ಹೊಗೆ ಇಲ್ಲದ ದಿನ ಅದರಲ್ಲಿ ಮಾತಾಡುವಂತಿಲ್ಲ. ಅಮ್ಮ ನನಗೆ ಮೌನಿ ಎಂದು ಅಡ್ಡಹೆಸರಿಟ್ಟದ್ದು ಸಾರ್ಥಕವಾಯಿತು.

ನಿನ್ನ ಹತ್ತಿರ ಒಂದು ಮಾತು ಕೇಳಬೇಕು, ನಗಬಾರದು. ನಿಮ್ಮ ಮ್ಯೂಸಿಯಂ ಹಜಾರದಲ್ಲಿ ತಂತಿ ಕಟ್ಟಿ ತೂಗುಹಾಕಿರುವ ಆ ದೈತ್ಯ ಹದ್ದಿನ ಅಸ್ಥಿಪಂಜರವನ್ನು, ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ನನಗೆ ತೋರಿಸಿದ್ದೆ. ಆ ಜಾತಿ ಪೂರ್ತಿ ಅಳಿದುಹೋಗಿದೆ ಎನ್ನುವುದು ಖಂಡಿತವೇ? ಎಲ್ಲೋ ಒಂದು ಮೂಲೆಯಲ್ಲಿ ನಾಲ್ಕಾರು ಉಳಿದಿರಬಹುದೇ?

ಹೋದ ವಾರ ಬೆಳಿಗ್ಗೆ ಚಹಾ ಲೋಟ ಹಿಡಿದು ನಿಂತಿದ್ದೆ. ಎಡಗಡೆ, ಕಣ್ಣಿನ ಅಂಚಿನಲ್ಲಿ, ಒಂದು ಕಪ್ಪು ರೆಕ್ಕೆ ಜಾರಿಕೊಂಡು ಹೋಯಿತು. ತುದಿಯ ಗರಿಗಳು ಬೆರಳು ಬಿಡಿಸಿದ ಹಾಗೆ ಬಿಡಿಬಿಡಿಯಾಗಿದ್ದವು. ಎದುರಿನ ಬಂಡೆಯಲ್ಲಿ ಒಂದು ಜೋಡಿ ಹದ್ದು ಗೂಡು ಕಟ್ಟಿಕೊಂಡಿದೆ. ವರ್ಷಗಳಿಂದ ಅವು ನನ್ನ ನೆರೆಹೊರೆಯವರು. ಅವುಗಳ ಗಾತ್ರ ನನಗೆ ಕಣ್ಣಳತೆಯಲ್ಲೇ ಗೊತ್ತು. ಇದು ಅವುಗಳ ಎರಡರಷ್ಟಾದರೂ ಇತ್ತು. ರೆಕ್ಕೆ ಬಡಿಯಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಇನ್ನೂ ಪಕ್ಕಕ್ಕೆ ಸರಿದು ಮರೆಯಾಯಿತು. ಆಮೇಲೆ ಇನ್ನೂ ಎರಡು ದಿನ ಕಂಡಿತು.

ಬೇರೆ ಯಾರಿಗೂ ಹೇಳಿಲ್ಲ. ತಲೆ ಕೆಟ್ಟಿದೆ ಎಂದರೆ ಕೆಳಗಿಳಿಸಿಬಿಡುತ್ತಾರೆ.

ನಿನ್ನ ತಮ್ಮ


ಮಾರ್ಚ್ ೨೮

ಮೌನಿ,

ನಗಲಿಲ್ಲ. ಉತ್ತರ ಮಾತ್ರ ನಿನಗೆ ಇಷ್ಟವಾಗಲಿಕ್ಕಿಲ್ಲ: ಇಲ್ಲ, ಉಳಿದಿರಲು ಸಾಧ್ಯವಿಲ್ಲ.

ಆ ಹದ್ದು ಬದುಕುತ್ತಿದ್ದುದು ಹಾರಲಾರದ ದೊಡ್ಡ ಹಕ್ಕಿಗಳನ್ನು ಹಿಡಿದು ತಿಂದು. ಆ ಹಕ್ಕಿಗಳನ್ನು ಮನುಷ್ಯರು ಬೇಟೆಯಾಡಿ ಮುಗಿಸಿದರು. ಊಟ ಹೋದ ಮೇಲೆ ಉಣ್ಣುವವನೂ ಹೋದ. ಇಷ್ಟು ಶತಮಾನ ಅದು ಏನು ತಿಂದು ಬದುಕಿತು? ನಿಮ್ಮ ಬೆಟ್ಟದ ಮೊಲ, ಹೆಗ್ಗಣ ಅದಕ್ಕೆ ಹಲ್ಲಿಗೂ ಸಾಲುವುದಿಲ್ಲ. ಹಲ್ಲಿಲ್ಲ, ಅದು ಬೇರೆ ಮಾತು. ಇನ್ನೊಂದು, ಇವತ್ತು ನಿನಗೆ ಒಂದು ಹಕ್ಕಿ ಕಾಣಬೇಕಾದರೆ ಅದಕ್ಕೆ ಅಪ್ಪ ಅಮ್ಮ ಇರಬೇಕು, ಅವಕ್ಕೂ ಇರಬೇಕು. ನೂರಾರು ಹಕ್ಕಿಗಳು ಒಂದರ ಹಿಂದೊಂದು ಬದುಕಿ ಸತ್ತು ಒಂದು ಗರಿ, ಒಂದು ಮೂಳೆ, ಒಂದು ಮೊಟ್ಟೆಯ ಸಿಪ್ಪೆ ಬಿಡದೆ ಹೋಗಲಾರವು. ನಿನ್ನ ಅಕ್ಕ ಎಂದಲ್ಲ, ಮೂಳೆ ತೊಳೆದು ಜೋಡಿಸಿ ಹೊಟ್ಟೆ ಹೊರೆಯುವವಳಾಗಿ ಹೇಳುತ್ತಿದ್ದೇನೆ. ನೀನು ನೋಡಿದ್ದು ನಿನ್ನ ನೆರೆಯ ಹದ್ದನ್ನೇ. ಬೆಳಗಿನ ಮಂಜಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ.

ಇಷ್ಟು ಬರೆದು ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಬಾಲ ಹೇಗಿತ್ತು? ಉದ್ದವೋ ಮೊಟಕೋ? ನೆಲದ ಮೇಲೆ ನೆರಳು ಬಿತ್ತೇ? ದುರ್ಬೀನಿನಲ್ಲಿ ಏಕೆ ನೋಡಲಿಲ್ಲ?

ಸರಿಯಾಗಿ ಊಟ ಮಾಡುತ್ತಿದ್ದೀಯಾ? ಒಬ್ಬನೇ ಎಂದು ಒಲೆ ಹಚ್ಚದೆ ಮಲಗಬೇಡ.

ಅಕ್ಕ


ಏಪ್ರಿಲ್ ೧೪

ಅಕ್ಕಾ,

ಒಲೆ ಹಚ್ಚುತ್ತಿದ್ದೇನೆ. ನೀನು ಕೇಳಿದ್ದೇ ತಡ, ಅವತ್ತು ಎರಡು ಬಗೆ ಪಲ್ಯ ಮಾಡಿದೆ.

ಬಾಲ ಕಾಣಲಿಲ್ಲ. ಯಾವಾಗಲೂ ರೆಕ್ಕೆಯೇ, ಅದೂ ಎಡಗಡೆಯೇ. ನೆರಳು ಬೀಳಲಿಲ್ಲ; ನೀನು ಕೇಳಿದ ಮೇಲೆ ಗಮನಿಸಿ ನೋಡಿದೆ. ದುರ್ಬೀನು ಕಣ್ಣಿಗಿಟ್ಟ ತಕ್ಷಣ ಮಾಯ. ಎಷ್ಟು ಸಲ ಹಾಗಾಯಿತೆಂದರೆ, ಅದಕ್ಕೆ ದುರ್ಬೀನು ಕಂಡರೆ ನಾಚಿಕೆ ಎಂದುಕೊಂಡಿದ್ದೇನೆ. ಇನ್ನೊಂದು ವಿಚಿತ್ರ. ಅದು ಬರುವ ಮೊದಲು ಮೋಡವೇ ಇಲ್ಲದೆ ಆ ಕಡೆ ಮಿಂಚು ಹೊಳೆದ ಹಾಗಾಗುತ್ತದೆ, ಹೆಚ್ಚಾಗಿ ಮುಸ್ಸಂಜೆಗೆ.

ಇಲ್ಲಿಗೆ ಸಾಮಾನು, ಟಪಾಲು ತರುವ ಹೇಸರಗತ್ತೆಯವನಿಗೆ ಕೊನೆಗೆ ಹೇಳಿಬಿಟ್ಟೆ. ಅವನ ಹೆಸರೇ ಗೊಣಗ. ದಾರಿಯುದ್ದಕ್ಕೂ ಕತ್ತೆಯ ಮೇಲೆ, ಕತ್ತೆ ಇಲ್ಲದಿದ್ದರೆ ಆಕಾಶದ ಮೇಲೆ ಗೊಣಗುತ್ತಾನೆ. ನನ್ನ ಪಕ್ಕದಲ್ಲೇ ನಿಂತು ನೋಡಿದ. ನನಗೆ ಕಂಡಾಗಲೂ ಅವನಿಗೆ ಕಾಣಲಿಲ್ಲ. “ಮದುವೆ ಆಗಿದ್ರೆ ಇಂಥದ್ದೆಲ್ಲಾ ನೋಡೋಕೆ ಪುರುಸೊತ್ತು ಇರ್ತಿತ್ತಾ ನಿಮಗೆ” ಎಂದು ಬೈದು ಇಳಿದುಹೋದ.

ಬಂಡೆಯ ಹೆಣ್ಣು ಹದ್ದು ಕಾವಿಗೆ ಕೂತಿದೆ. ಗಂಡು ಬೇಟೆ ತಂದುಕೊಡುತ್ತದೆ.

ನಿನ್ನ ಪತ್ರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದೇನೆ. ನಿನ್ನ ಕೈಬರಹ ಅಮ್ಮನ ಕೈಬರಹದ ಹಾಗೇ ಆಗುತ್ತಿದೆ, ಗೊತ್ತೇ?

ಮೌನಿ


ಏಪ್ರಿಲ್ ೨೬

ಪ್ರೀತಿಯ ಮೌನಿ,

ನಿನ್ನ ಪತ್ರವನ್ನು ಕೆಲಸದ ಮೇಜಿನ ಮೇಲೆ, ಅದರ ಮೂಳೆಗಳ ಪಕ್ಕದಲ್ಲೇ ಇಟ್ಟುಕೊಂಡು ಯೋಚಿಸಿದೆ. ನೆರಳು ಬೀಳಲಿಲ್ಲ ಎಂದೆಯಲ್ಲ. ಬೆಳಗಿನ ಓರೆ ಬಿಸಿಲಿಗೆ ನೆರಳು ಬೆಟ್ಟದ ಆಚೆ ಮಗ್ಗುಲಿಗೆ ಬಿದ್ದಿರಬಹುದು. ದುರ್ಬೀನಿನಲ್ಲಿ ಸಿಗದಿರುವುದು ಸಹಜ, ಅದರೊಳಗೆ ಆಕಾಶದ ಒಂದು ತುಣುಕಷ್ಟೇ ಕಾಣುವುದು. ಮಿಂಚು ಎಂದದ್ದು ಗರಿಯ ಮೇಲೆ ಬಿಸಿಲು ಹೊಳೆದದ್ದಿರಬೇಕು. ಗೊಣಗನ ದೃಷ್ಟಿ ಹೇಗಿದೆಯೋ, ಅವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದೇ ತೊಡಕು. ಬಡಿಯದೆ ತೇಲುತ್ತದೆ ಎಂದರೆ ನೀನು ಹೇಳುವ ರೆಕ್ಕೆ ಉದ್ದವಾದದ್ದು. ನಮ್ಮ ಹದ್ದಿನ ರೆಕ್ಕೆ ಮೈ ಭಾರಕ್ಕೆ ಹೋಲಿಸಿದರೆ ಮೊಟಕು, ಅಗಲ. ಮರಗಳ ನಡುವೆ ನುಗ್ಗುವಂಥದ್ದು. ಆದರೆ ಇಷ್ಟು ಕಾಲದಲ್ಲಿ ಸ್ವಲ್ಪ ಬದಲಾಗಿರಲೂಬಹುದು. ನೋಡು, ಹೋದ ತಿಂಗಳು ‘ಸಾಧ್ಯವಿಲ್ಲ’ ಎಂದವಳು ಈಗ ‘ಆಗಿರಬಹುದು’ ಎನ್ನುತ್ತಿದ್ದೇನೆ. ಒಂದು ಗರಿ, ಒಂದೇ ಒಂದು ಗರಿ ಸಿಕ್ಕಿದರೆ ಸಾಕು. ಗೋಪುರದ ಸುತ್ತ ಹುಡುಕಿ ನೋಡು.

ಇಲ್ಲಿ ಹೇಳುವಂಥದ್ದೇನಿಲ್ಲ. ಹಜಾರಕ್ಕೆ ಜನ ಬರುವುದು ಕಡಿಮೆಯಾಗಿದೆ. ಅಸ್ಥಿಪಂಜರ ಇಳಿಸಿ ಪೆಟ್ಟಿಗೆಗೆ ತುಂಬುವ ಮಾತೂ ಇದೆ, ಮಾತು ಅಷ್ಟೇ. ನನ್ನ ಮನೆ ಇನ್ನೂ ಅದೇ ಹೊಲಿಗೆ ಅಂಗಡಿಯ ಮೇಲೆ. ಕೆಳಗೆ ಮಿಷನ್ ಸದ್ದು ನಿಂತಿತೆಂದರೆ ಸಂಜೆಯಾಯಿತೆಂದು ಗೊತ್ತಾಗುತ್ತದೆ. ಮೆಟ್ಟಿಲು ಹತ್ತುವಾಗ ಮಂಡಿ ಕಿರುಗುಟ್ಟುತ್ತದೆ. ಬೇರೆಯವರ ಮೂಳೆ ಜೋಡಿಸುವವಳ ಮೂಳೆಯೇ ಸಡಿಲ, ನಿನಗೆ ನಗಲು ಒಂದು ವಿಷಯ.

ಬೇಗ ಬರೆ. ಗೊಣಗನಿಗೆ ಕಾಯದೆ, ಬರೆದು ಸಿದ್ಧ ಇಟ್ಟುಕೊಂಡಿರು.

ಅಕ್ಕ


ಮೇ ೧೭

ಅಕ್ಕಾ,

ಗರಿ ಕಳಿಸಿದ್ದೇನೆ. ಬಂಡೆಯ ಕಡೆ ಹೋಗುವ ದಾರಿಯಲ್ಲಿ ಬಿದ್ದಿತ್ತು. ಇದು ಅದರದೇ ಎಂದು ಹೇಳಲಾರೆ, ನೀನೇ ನೋಡು.

ಹಕ್ಕಿ ಈಗ ದಿನಾ ಬರುತ್ತದೆ. ಹತ್ತಿರಕ್ಕೆ ಬಂದಿದೆ. ಎಡಗಡೆ ಮೇಲಿನಿಂದ ಆಕಾಶದ ಒಂದು ಪಾಲನ್ನೇ ಮುಚ್ಚುತ್ತದೆ. ಹೆಚ್ಚು ಹೊತ್ತು ಇರುತ್ತದೆ.

ಇತ್ತೀಚೆಗೆ ಕೈ ತಪ್ಪುವುದು ಜಾಸ್ತಿಯಾಗಿದೆ. ಲೋಟ ಇಟ್ಟ ಕಡೆ ಇರುವುದಿಲ್ಲ, ಮೆಟ್ಟಿಲು ಎಣಿಸಿದ ಕಡೆ ಸಿಗುವುದಿಲ್ಲ. ವಯಸ್ಸಾಯಿತೇನೋ.

ಮರಿ ಆಗಿದೆ, ಬಂಡೆಯ ಜೋಡಿಗೆ. ಬಿಳಿ ಹತ್ತಿಯ ಉಂಡೆಯ ಹಾಗಿದೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಹೊಲಿಗೆ ಅಂಗಡಿಯವರ ವಿಷಯ ಇನ್ನಷ್ಟು ಬರೆ.

ಮೌನಿ


ಜೂನ್ ೨

ಮೌನಿ,

ಒಂದು ವಿಷಯ ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳಬೇಕು. ನಿನ್ನ ಪತ್ರಗಳನ್ನು ನಮ್ಮ ನಿರ್ದೇಶಕರಿಗೆ ತೋರಿಸಿದ್ದೆ. ಏಪ್ರಿಲ್‌ನಲ್ಲೇ. ಹಜಾರ ಮುಚ್ಚುವ ತೀರ್ಮಾನ ಆಗಲೇ ಆಗಿತ್ತು. ಮಾತು ಅಷ್ಟೇ ಎಂದು ನಿನಗೆ ಬರೆದಿದ್ದೆ. ಮೂಳೆಗಳನ್ನು ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದರೆ ನನಗೆ ಅಲ್ಲಿ ಕೆಲಸವೇ ಇರುವುದಿಲ್ಲ ಎನ್ನುವುದಕ್ಕಿಂತ, ಆ ಹಕ್ಕಿ ಎರಡನೇ ಸಲ ಸಾಯುತ್ತದೆ ಎಂದು ಸಂಕಟವಾಗಿತ್ತು.

ಗರಿ ನೋಡಿದ ಕೂಡಲೇ ಗೊತ್ತಾಯಿತು, ಸಾಮಾನ್ಯ ಹದ್ದಿನದು. ನಿರ್ದೇಶಕರಿಗೂ ಹೇಳಿದೆ. “ಇರಬಹುದು ಅನ್ನೋದಕ್ಕೇನು ಅಡ್ಡಿ? ಅಲ್ಲ ಅಂತ ಯಾರೂ ಸಾಧಿಸೋಕೆ ಆಗಲ್ಲವಲ್ಲ” ಎಂದರು. ಬಾಯಿ ಬಿಟ್ಟು ಮತ್ತೊಮ್ಮೆ ಹೇಳಬೇಕಿತ್ತು, ಹೇಳಲಿಲ್ಲ. ಮಾರನೆಯ ವಾರ ಪತ್ರಿಕೆಯಲ್ಲಿ ಗರಿಯ ಚಿತ್ರ, ಅಸ್ಥಿಪಂಜರದ ಚಿತ್ರ, ನಿನ್ನ ಪತ್ರದ ನಾಲ್ಕು ಸಾಲು. ಹೆಸರು, ಜಾಗ ಹಾಕಿಲ್ಲ. ಆದರೆ ಗೋಪುರದ ಎದುರಿನ ಬಂಡೆ, ಹದ್ದಿನ ಗೂಡು ಎಂದು ನೀನು ಬರೆದದ್ದು ಇದೆ. ಗೊತ್ತಿರುವವರಿಗೆ ಅಷ್ಟು ಸಾಕು.

ಈಗ ಹಜಾರದ ಮುಂದೆ ಸಾಲು ನಿಂತಿದೆ. ಮಕ್ಕಳು ಕತ್ತೆತ್ತಿ ನೋಡಿ ಬಾಯಿ ತೆರೆಯುತ್ತಾರೆ. ಸಂತೋಷವಾಗುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಕೋಪ ಬಂದರೆ ಬೈದು ಬರೆ. ಸುಮ್ಮನಿರಬೇಡ.

ಅಕ್ಕ


ಜೂನ್ ೨೧

ಅಕ್ಕನಿಗೆ,

ನಿನ್ನ ಪತ್ರಕ್ಕಿಂತ ಮೊದಲೇ ಪತ್ರಿಕೆ ಬಂತು, ಪತ್ರಿಕೆ ಹಿಡಿದವರು ಬಂದರು. ಮೊದಲು ಕ್ಯಾಮೆರಾದವರು. ಒಳ್ಳೆಯವರೇ, ಬಿಸ್ಕತ್ತು ಕೊಟ್ಟರು. ಗೋಪುರದ ಕೆಳಗೆ ಡೇರೆ ಹಾಕಿದರು, ನನ್ನನ್ನು ಕೇಳಿ ಕೇಳಿ ಬರೆದುಕೊಂಡರು. ಆಮೇಲೆ ಇಬ್ಬರು ಬಂದೂಕಿನವರು. ಡೇರೆಯವರಿಗೆ ಗೊತ್ತಾಗದ ಹಾಗೆ ಆಚೆ ಮಗ್ಗುಲಿನಿಂದ ಹತ್ತಿದ್ದರು.

ಗುಂಡಿನ ಸದ್ದು ಕೇಳಿ ಓಡಿದೆ. ದಾರಿಯಲ್ಲಿ ಎರಡು ಸಲ ಬಿದ್ದೆ. ನಾನು ಹೋಗುವಷ್ಟರಲ್ಲಿ ಒಬ್ಬ ಅದರ ರೆಕ್ಕೆ ಬಿಡಿಸಿ ಹಿಡಿದಿದ್ದ, ಇನ್ನೊಬ್ಬ ಟೇಪು ಹಿಡಿದು ಅಳೆಯುತ್ತಿದ್ದ. ಬಂಡೆಯ ಹೆಣ್ಣು ಹದ್ದು. “ಇದೇ ತಾನೇ ಅದು?” ಎಂದು ನನ್ನನ್ನೇ ಕೇಳಿದರು. ನಾನು ಏನಂದೆನೋ ನೆನಪಿಲ್ಲ. ಡೇರೆಯವರು ಬಂದು ನನ್ನ ಕೈಯಿಂದ ಅವರನ್ನು ಬಿಡಿಸಿದರು ಎಂದು ಗೊಣಗ ಹೇಳುತ್ತಾನೆ. ಅರಣ್ಯ ಕಚೇರಿಯವರು ಬಂದೂಕು ಕಸಿದುಕೊಂಡು ಇಬ್ಬರನ್ನೂ ಒಯ್ದರು. ಹಕ್ಕಿಯನ್ನು ನಿನ್ನ ಮ್ಯೂಸಿಯಂಗೆ ಕಳಿಸುತ್ತಾರಂತೆ, ಯಾವ ಜಾತಿ ಎಂದು ಪ್ರಮಾಣಪತ್ರ ಬೇಕಂತೆ. ಬಂದಾಗ ನೋಡು.

ಮರಿ ಗೂಡಿನಲ್ಲಿದೆ. ಗಂಡು ಇಡೀ ಮೊಲ ತಂದು ಹಾಕಿ ಹಾರಿಹೋಗುತ್ತದೆ. ಹರಿದು ಬಾಯಿಗಿಡುತ್ತಿದ್ದವಳು ಇಲ್ಲ. ಮಾಂಸದ ಮುಂದೆ ಕೂತು ಮರಿ ಕೂಗುತ್ತದೆ. ಇಲ್ಲಿಯವರೆಗೂ ಕೇಳಿಸುತ್ತದೆ.

ಬೈದು ಬರೆ ಎಂದಿದ್ದೆ. ಆಗುತ್ತಿಲ್ಲ.

ತಮ್ಮ


ಜುಲೈ ೮

ಮೌನಿ,

ಈ ಪತ್ರ ತಲುಪಿದ ಕ್ಷಣ ಗೊಣಗನ ಜೊತೆ ಕೆಳಗಿಳಿ. ಮಿಕ್ಕದ್ದನ್ನು ದಾರಿಯಲ್ಲಿ ಓದಿಕೋ.

ಹದ್ದು ಬಂತು. ಅಳೆದೆ. ನಡುವಯಸ್ಸಿನ ಹೆಣ್ಣು, ಎದೆಯ ಕೆಳಗೆ ಗರಿ ಉದುರಿ ಬರಿಮೈ. ಮೊಟ್ಟೆಗೆ ಕಾವು ಕೊಡುವ ಜಾಗ. ಕೆಲಸದಲ್ಲಿ ಇಷ್ಟು ವರ್ಷ ಸತ್ತ ಹಕ್ಕಿ ಮುಟ್ಟಿದ್ದೇನೆ, ಒಂದೇ ಅಳತೆಯನ್ನು ಮೂರು ಸಲ ತೆಗೆದದ್ದು ಇದೇ ಮೊದಲು. ಕಣ್ಣು ಮಂಜಾಗಿ ಅಳತೆಪಟ್ಟಿಯ ಗೆರೆ ಕಾಣಲಿಲ್ಲ. ಕನ್ನಡಕ ಬದಲಿಸುವ ಕಾಲ ಬಂತೆಂದು ಮಾರನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರೂ ಪತ್ರಿಕೆ ಓದಿದ್ದರು. ಆ ಪತ್ರ ಬರೆದವನು ನನ್ನ ತಮ್ಮ ಎಂದೆ. ಕೈಚೀಲದಲ್ಲಿ ನಿನ್ನ ಪತ್ರಗಳಿದ್ದವು. ಎಡಗಡೆ, ಮಿಂಚು, ದುರ್ಬೀನು ಎಲ್ಲವನ್ನೂ ಓದಿ ಹೇಳಿದೆ. ತಮಾಷೆಯ ಹಾಗೆ ಹೇಳುತ್ತಿದ್ದೆ, ಆ ಡಾಕ್ಟರಮ್ಮ ನಗಲೇ ಇಲ್ಲ. ಲೋಟ ಇಟ್ಟ ಕಡೆ ಇರುವುದಿಲ್ಲ ಎಂಬ ಸಾಲು ಬಂದಾಗ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ದುರ್ಬೀನು ಯಾವ ಕಣ್ಣಿಗೆ ಇಟ್ಕೋತಾರೆ?”

ಬಲಗಣ್ಣಿಗೆ, ಚಿಕ್ಕಂದಿನಿಂದ ಹಾಗೇ ಎಂದೆ.

“ಇದು ಹಕ್ಕಿ ಅಲ್ಲಮ್ಮ. ಎಡಗಣ್ಣಿನ ಒಳಗಿನ ಪರದೆ ಕಳಚ್ತಾ ಇದೆ. ಅವರನ್ನ ಯಾವಾಗ ಕರ್ಕೊಂಡು ಬರ್ತೀರಿ?”

ಪರದೆ ಕಳಚುವುದೆಂದರೆ ಏನು ಎಂದು ಕೇಳಿದೆ. ತೇವದ ಗೋಡೆಯಿಂದ ಬಣ್ಣದ ಕಾಗದ ಬಿಟ್ಟುಕೊಳ್ಳುವ ಹಾಗೆ ಅದು ಬಿಟ್ಟುಕೊಳ್ಳುತ್ತದಂತೆ. ಬಿಟ್ಟ ಕಡೆ ಕತ್ತಲೆ, ಅಂಚಿನಿಂದ ಒಳಕ್ಕೆ ಬರುವ ಕತ್ತಲೆ. ಯಾವತ್ತಾದರೂ ಕಣ್ಣಿಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಅದು ನನಗೆ ಗೊತ್ತಿಲ್ಲ. ನಿನ್ನ ಹಕ್ಕಿಯ ಗರಿ ಕೇಳಿದೆ, ಬಾಲ ಕೇಳಿದೆ, ನೆರಳು ಕೇಳಿದೆ.

ಬಲಗಣ್ಣು ಮುಚ್ಚಿ ಸುಣ್ಣದ ಗೋಡೆಯನ್ನು ನೋಡು. ಗೋಡೆಯ ಮೇಲೂ ಹಕ್ಕಿ ಕಂಡರೆ ಡಾಕ್ಟರು ಹೇಳಿದ್ದೇ ನಿಜ. ತಡ ಮಾಡಿದಷ್ಟೂ ಕಷ್ಟ ಎಂದರು. ಅವತ್ತೇ ಅರಣ್ಯ ಕಚೇರಿಗೆ ಫೋನ್ ಮಾಡಿ ವೈರ್‌ಲೆಸ್‌ನಲ್ಲಿ ಹೇಳಿಸಿದೆ. “ಚೆನ್ನಾಗಿದ್ದೇನೆ, ಬರುವುದಕ್ಕಾಗುವುದಿಲ್ಲ” ಎಂದೆಯಂತೆ. ನಾನು ಹುಚ್ಚಿಯ ಹಾಗೆ ಕೂಗಿದ್ದಕ್ಕೆ ಅಲ್ಲಿಯ ಗುಮಾಸ್ತರು ಫೋನ್ ಇಟ್ಟರು.

ಸಿಟ್ಟಿದ್ದರೆ ನನ್ನ ಮೇಲೆ ಇರಲಿ. ಬಾ.

ಅಕ್ಕ


ಜುಲೈ ೧೯

ಅಕ್ಕಾ,

ನಾಳೆ ಇಳಿಯುತ್ತೇನೆ. ಗೊಣಗ ಕತ್ತೆಗೆ ಮೇವು ಹಾಕುತ್ತಿದ್ದಾನೆ, ಬೆಳಗಾದ ಮೇಲೆ ಹೊರಡೋಣ ಎಂದ. ಈ ಪತ್ರವನ್ನು ನಾನೇ ಕೆಳಗಿನ ಅಂಚೆಪೆಟ್ಟಿಗೆಗೆ ಹಾಕುತ್ತೇನೆ. ಎದುರು ಕೂತಾಗ ಹೇಳಲಾರದ್ದು ಇದರಲ್ಲಿದೆ.

ಗೋಡೆಯ ಪರೀಕ್ಷೆ ಹೊಸದಾಗಿ ಮಾಡಬೇಕಾಗಿಲ್ಲ. ಹಕ್ಕಿ ಗೋಡೆಯ ಮೇಲೆ ಬಂದದ್ದು ಮೇ ತಿಂಗಳ ಮೊದಲಲ್ಲಿ. ಅನ್ನ ಕಲೆಸುತ್ತಾ ತಲೆ ಎತ್ತಿದೆ, ನಿನ್ನ ಪತ್ರ ಸಿಕ್ಕಿಸಿದ ಮೊಳೆಯ ಪಕ್ಕ ಕೂತಿತ್ತು. ಕಣ್ಣು ಆಡಿಸಿದರೆ ಅದೂ ಆಡಿತು. ಬಲಗಣ್ಣು ಮುಚ್ಚಿದೆ, ದೊಡ್ಡದಾಯಿತು. ಎಡಗಣ್ಣು ಮುಚ್ಚಿದೆ, ಹೋಯಿತು. ಇದರಲ್ಲಿ ಅರ್ಥವಾಗದ್ದೇನಿದೆ? ಚಳಿಗಾಲದಲ್ಲಿ ಸೌದೆ ಒಡೆಯುವಾಗ ಒಂದು ಚಕ್ಕೆ ಹಾರಿ ಆ ಕಣ್ಣಿಗೆ ಬಡಿದಿತ್ತು. ಊತ ಇಳಿದ ಮೇಲೆ ಮರೆತಿದ್ದೆ.

ಹಕ್ಕಿ ಅಲ್ಲ ಎಂದು ಗೊತ್ತಿದ್ದೇ ಗರಿ ಕಳಿಸಿದೆ. ಬಂಡೆಯ ಹೆಣ್ಣಿನದೇ ಗರಿ. ಏಕೆಂದು ಕೇಳುತ್ತೀಯ. ಅಮ್ಮ ಹೋದ ಮೇಲೆ ನೀನು ನನಗೆ ಬರೆದ ಪತ್ರಗಳೆಲ್ಲ ಸೇರಿದರೂ ಒಂದು ಹಾಳೆ ತುಂಬುವುದಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಪುರುಸೊತ್ತಿಲ್ಲ. ಹಕ್ಕಿ ಬಂತು, ನೀನು ಬಂದೆ. ಹಕ್ಕಿಯ ಬಾಲ ಕೇಳಿದವಳು ಅದರ ಕೆಳಗೆ ಊಟ ಮಾಡಿದೆಯಾ ಎಂದೂ ಕೇಳಿದೆ. ಲಕೋಟೆ ಬಿಚ್ಚಿ ಮತ್ತೆ ಬರೆದೆ. ಮಂಡಿ ನೋವು, ಹೊಲಿಗೆ ಮಿಷನ್ ಎಲ್ಲವನ್ನೂ ಬರೆದೆ. ಹಕ್ಕಿ ಇಲ್ಲ ಎಂದು ನಾನು ಬರೆದರೆ ಮತ್ತೆ ವರ್ಷಕ್ಕೆ ಎರಡು ಸಾಲು ಎಂದುಕೊಂಡೆ. ಪತ್ರಿಕೆಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ, ನಿಜ. ಆದರೆ ಗರಿ ಕಳಿಸಿದವನು ನಾನೇ. ಅವರು ಅವಳ ರೆಕ್ಕೆ ಅಳೆಯುತ್ತಿದ್ದಾಗ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು.

ವೈರ್‌ಲೆಸ್‌ನಲ್ಲಿ ಬರುವುದಿಲ್ಲ ಎಂದದ್ದು ಸಿಟ್ಟಿಗಲ್ಲ. ಮರಿಗೆ ಉಣ್ಣಿಸಬೇಕಿತ್ತು. ಬಂಡೆಯ ಮೇಲಿನಿಂದ ಗೂಡಿನವರೆಗೆ ಒಂದು ಸೀಳು ಇದೆ, ಇಳಿಯಬಹುದು. ಗಂಡು ತಂದು ಹಾಕಿದ ಮೊಲವನ್ನು ಚಾಕುವಿನಿಂದ ಎಳೆ ಎಳೆಯಾಗಿ ಕೊಯ್ದು ಚಿಮಟದ ತುದಿಯಲ್ಲಿ ಹಿಡಿದರೆ ಬಾಯಿ ತೆರೆಯುತ್ತದೆ. ದಿನಾ ಇಳಿದೆ. ಒಂದು ಕಣ್ಣಿಗೆ ಆಳ ತಿಳಿಯುವುದಿಲ್ಲ ಎನ್ನುವುದು ಅಲ್ಲೇ ಕಲಿತದ್ದು. ಕಾಲಿನಿಂದ ತಡವಿ ತಡವಿ ಇಳಿಯುತ್ತಿದ್ದೆ. ಗಂಡು ಮೊದಲೆರಡು ದಿನ ನನ್ನ ತಲೆಯ ಮೇಲೆ ಎರಗಿತು, ಆಮೇಲೆ ದೂರದ ಒಣಮರದಲ್ಲಿ ಕೂತು ನೋಡುತ್ತಿತ್ತು. ಎಡಗಣ್ಣಿನ ಕತ್ತಲೆ ನಡುವಿನವರೆಗೆ ಬಂದದ್ದು ಆ ದಿನಗಳಲ್ಲೇ. ಗೊತ್ತಾಗುತ್ತಿತ್ತು. ಇವತ್ತು ಇಳಿದರೆ ಕಣ್ಣು ಉಳಿಯಬಹುದು, ಮರಿ ಉಳಿಯುವುದಿಲ್ಲ ಎಂದು ಪ್ರತಿ ಬೆಳಿಗ್ಗೆ ಅನ್ನಿಸುತ್ತಿತ್ತು. ಮರಿಯ ಕೂಗು ಕೇಳಿಸುತ್ತಿತ್ತು, ಕಣ್ಣು ಕೂಗುವುದಿಲ್ಲವಲ್ಲ.

ನಿನ್ನೆ ಅದು ನಾನು ಕೊಟ್ಟದ್ದನ್ನು ಬಿಟ್ಟು ತಾನೇ ಉಗುರಲ್ಲಿ ಅದುಮಿ ಹರಿದು ತಿಂದಿತು. ಆದರೂ ಇನ್ನೂ ಕೆಲವು ದಿನ ಯಾರಾದರೂ ನೋಡಬೇಕು. ನಾನು ಬಾಯಿ ಬಿಡುವ ಮೊದಲೇ ಗೊಣಗ ಸೀಳನ್ನು ಬಗ್ಗಿ ನೋಡಿ, “ನನ್ನ ಹಣೇಲಿ ಕತ್ತೆ ಕಾಯೋದು ಸಾಲದು ಅಂತ ಈಗ ಹದ್ದಿಗೆ ದಾಯಿ ಕೆಲಸ” ಎಂದ. ನನ್ನನ್ನು ಇಳಿಸಿ ವಾಪಸು ಬಂದು ನೋಡಿಕೊಳ್ಳುತ್ತಾನೆ ಎಂದು ಅರ್ಥ.

ಆಸ್ಪತ್ರೆಯ ಬಾಗಿಲಲ್ಲಿ ನಿಂತಿರು.

ಮೌನಿ


ಸೆಪ್ಟೆಂಬರ್ ೬

ಮೌನಿ,

ನಿನ್ನನ್ನು ಬಸ್ಸಿಗೆ ಹತ್ತಿಸಿ ಬಂದು ಈ ಹಾಳೆ ಮುಂದಿಟ್ಟುಕೊಂಡಿದ್ದೇನೆ. ಹಾಸಿಗೆ ಇನ್ನೂ ಮಡಿಸಿಲ್ಲ.

ಆಸ್ಪತ್ರೆಯಲ್ಲಿ ನೀನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಲುಗಾಡದೆ ಮಲಗಿದ್ದಾಗ, ಆಮೇಲೆ ಇಲ್ಲಿ ನನ್ನ ಕೋಣೆಯಲ್ಲಿದ್ದಾಗ, ಎಷ್ಟು ಮಾತಾಡಬೇಕೆಂದುಕೊಂಡಿದ್ದೆ. ಆಡಿದ್ದೇನು? ನೀರು ಬೇಕಾ, ದಿಂಬು ಸರಿಯಾ, ಕಿಟಕಿ ಮುಚ್ಚಲಾ. ಡಾಕ್ಟರು ಹೊರಗೆ ಕರೆದು, ಪರದೆ ಕೂಡಿಸಿದ್ದೇವೆ, ನೋಟ ಮರಳುವುದಿಲ್ಲ ಎಂದರು. ಒಳಗೆ ಬಂದು ನಿನ್ನ ಹೊದಿಕೆ ಸರಿಪಡಿಸುತ್ತಾ ನಿಂತೆ. “ಗೊತ್ತು ಬಿಡಕ್ಕಾ” ಎಂದು ನೀನೇ ನನ್ನನ್ನು ಸಮಾಧಾನ ಮಾಡಿದೆ. ಒಂದು ತಿಂಗಳಿಗೂ ಮೇಲೆ ಒಂದೇ ಸೂರಿನಡಿ ಇದ್ದು, ಜುಲೈಯ ನಿನ್ನ ಪತ್ರದ ಬಗ್ಗೆ ಇಬ್ಬರೂ ಸೊಲ್ಲೆತ್ತಲಿಲ್ಲ. ನಾನು ಅದನ್ನು ದಿನಾ ಓದುತ್ತಿದ್ದೆ, ನೀನು ನಿದ್ದೆ ಹೋದ ಮೇಲೆ.

ನೀನು ಹೊರಟ ಮೇಲೆ ಹೇಳೋಣ ಎಂದು ಒಂದನ್ನು ಮುಚ್ಚಿಟ್ಟಿದ್ದೆ. ಪತ್ರಿಕೆಗೆ ನನ್ನ ಹೆಸರು ಹಾಕಿಯೇ ಬರೆದುಕೊಟ್ಟೆ: ಗರಿ ಸಾಮಾನ್ಯ ಹದ್ದಿನದು, ದೈತ್ಯ ಹದ್ದು ಉಳಿದಿಲ್ಲ, ಕಂಡದ್ದು ಕಣ್ಣಿನ ಕಾಯಿಲೆ. ಒಳಪುಟದ ಮೂಲೆಯಲ್ಲಿ ಬಂತು. ನಿರ್ದೇಶಕರು ಸಿಟ್ಟಾದರು, ಕೆಲಸದಿಂದ ತೆಗೆಯಲಿಲ್ಲ. ಅದಕ್ಕೆ ಕಾರಣ ಕೇಳಿದರೆ ನಿನಗೆ ಹೊಟ್ಟೆ ಉರಿಯುತ್ತದೆ. ಆ ಬರಹ ಬಂದ ಮೇಲೆ ಹಜಾರಕ್ಕೆ ಇನ್ನೂ ಹೆಚ್ಚು ಜನ ಬರುತ್ತಿದ್ದಾರೆ. ಮ್ಯೂಸಿಯಂನವರೇ ಏನೋ ಮುಚ್ಚಿಡುತ್ತಿದ್ದಾರಂತೆ, ನನಗೆ ಯಾರೋ ಹೆದರಿಸಿ ಬರೆಸಿದ್ದಾರಂತೆ. ಒಬ್ಬ ಮುದುಕರು ನನ್ನ ಕೈ ಹಿಡಿದು, “ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ” ಎಂದು ಕಣ್ಣೀರು ಹಾಕಿದರು. ಉಳಿದಿರಬಹುದೇ ಎಂದು ನೀನು ಮಾರ್ಚ್‌ನಲ್ಲಿ ಕೇಳಿದ್ದೆ. ಇವರ ಮನಸ್ಸಿನಲ್ಲಿ ಅದನ್ನು ಸಾಯಿಸುವುದು ನನ್ನ ಕೈಲಾಗುವುದಿಲ್ಲ.

ಬಂಡೆಯ ಹೆಣ್ಣಿಗೆ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿಡಲು ಹೇಳಿದರು. ನಾನು ಮಾಡುವುದಿಲ್ಲ ಎಂದೆ. ಕಪಾಟಿನ ಒಳಖಾನೆಯಲ್ಲಿ ಮಲಗಿಸಿದ್ದೇನೆ.

ಇನ್ನು ನಿನಗೆ ಏನು ಬರೆಯಲಿ? ಕೇಳುವುದಕ್ಕೆ ಒಂದು ಹಕ್ಕಿ ಇತ್ತು, ಈಗ ಅದೂ ಇಲ್ಲ. ಕೆಳಗೆ ಹೊಲಿಗೆ ಮಿಷನ್ ನಿಂತು ತುಂಬಾ ಹೊತ್ತಾಯಿತು. ನಾನು ಇನ್ನೂ ಕೂತೇ ಇದ್ದೇನೆ.

ಅಕ್ಕ


ಅಕ್ಟೋಬರ್ ೨

ಅಕ್ಕಾ,

ಗೋಪುರಕ್ಕೆ ಹೊಸಬನನ್ನು ಹಾಕಿದ್ದಾರೆ. ನನ್ನನ್ನು ಬೆಟ್ಟದ ಬುಡದ ಸಸಿ ತೋಟಕ್ಕೆ ಕಳಿಸಿದರು. ಕಪ್ಪು ಚೀಲಗಳಲ್ಲಿ ಮೊಣಕಾಲುದ್ದದ ಸಸಿಗಳು, ಸಾಲು ಸಾಲು. ನೀರು ಹಾಕುವಾಗ ಅರ್ಧ ನೀರು ಸಸಿಗೆ, ಅರ್ಧ ನನ್ನ ಕಾಲಿಗೆ. ಮೇಲ್ವಿಚಾರಕರು ನೋಡಿಯೂ ನೋಡದವರ ಹಾಗೆ ಇರುತ್ತಾರೆ. ಈಗ ಸ್ವಲ್ಪ ಕೈ ಹಿಡಿತಕ್ಕೆ ಬಂದಿದೆ.

ಗೂಡು ಖಾಲಿಯಾಗಿದೆ. ನಾನು ಬಂದ ದಿನವೇ ಗೊಣಗನನ್ನು ಕೇಳಿದೆ. ಕತ್ತೆಯ ಪಟ್ಟಿ ಬಿಗಿಯುತ್ತಾ, ನನ್ನ ಕಡೆ ತಿರುಗದೆ, “ಹಾರ್ತು” ಎಂದ. ನೀನು ನೋಡಿದೆಯಾ ಎಂದೆ. “ಹಾರ್ತು ಅಂದ್ನಲ್ಲ” ಎಂದ. ಅವನು ಒಂದು ಮಾತಿಗೆ ಹತ್ತು ಗೊಣಗುವವನು, ಅವತ್ತು ಅಷ್ಟಕ್ಕೇ ನಿಲ್ಲಿಸಿದ. ನಾನೂ ಮತ್ತೆ ಕೇಳಲಿಲ್ಲ. ಹಾರಿರಬೇಕು.

ಹೋದ ವಾರ ನಾಲ್ಕು ಜನ ಬಂದಿದ್ದರು, ಬೆನ್ನಿಗೆ ಚೀಲ, ಕೊರಳಿಗೆ ಕ್ಯಾಮೆರಾ. ಅವರಲ್ಲಿ ಒಬ್ಬನ ಹೆಗಲಲ್ಲಿ ಉದ್ದನೆಯ ಬಟ್ಟೆಯ ಗವಸು. ಒಳಗಿರುವುದು ಕ್ಯಾಮೆರಾದ ಮುಕ್ಕಾಲಿಯೋ ಬಂದೂಕೋ ಗೊತ್ತಾಗಲಿಲ್ಲ. ದೊಡ್ಡ ಹಕ್ಕಿಯ ಬಂಡೆಗೆ ಯಾವ ದಾರಿ ಎಂದರು. ಆ ಹಕ್ಕಿ ನೋಡಿದವನು ನಾನೇ, ಅದು ಹಕ್ಕಿಯಲ್ಲ, ಈ ಕಣ್ಣು ಎಂದು ತೋರಿಸಿದೆ. ಆಮೇಲೆ ಅವರಲ್ಲಿದ್ದ ಒಬ್ಬ ಹೆಂಗಸು ಮೆತ್ತಗೆ ಕೇಳಿದಳು:

“ಹೀಗೆ ಹೇಳಿ ಅಂತ ನಿಮಗೆ ಯಾರು ಹೇಳ್ಕೊಟ್ಟಿದ್ದು?”

ನನಗೆ ಸಿಟ್ಟು ಬರಲಿಲ್ಲ. ಅವಳ ಮುಖ ನೋಡಿದೆ, ನಿಜವಾಗಿಯೂ ಕನಿಕರ ಇತ್ತು. ಇದ್ದರೆ ಎಷ್ಟು ಚೆನ್ನ ಎನ್ನುವುದು ಆ ಮುಖದಲ್ಲಿ ಬರೆದಿತ್ತು. ಅದೇ ಮುಖ ನಿನ್ನ ಏಪ್ರಿಲ್ ಪತ್ರದಲ್ಲೂ ಇತ್ತು. ಗಂಡು ಹದ್ದು ಇನ್ನೂ ಅದೇ ಬಂಡೆಯಲ್ಲಿದೆ, ಒಣಮರದ ಮೇಲೆ ಕೂರುತ್ತದೆ ಎಂದು ಗೊಣಗ ಹೇಳಿದ್ದ. ನಾನು ಎದ್ದು ನಿಂತು, ಕೈ ಚಾಚಿ, ಮರ ಸಾಗಿಸುವ ಲಾರಿಗಳು ಓಡಾಡುವ ದಾರಿ ತೋರಿಸಿದೆ. ಅದು ಬೆಟ್ಟವನ್ನು ಬಳಸಿಕೊಂಡು ಹೋಗಿ ಆಚೆ ಹೆದ್ದಾರಿಗೆ ಸೇರುತ್ತದೆ. ಇಡೀ ದಿನ ನಡೆದರೂ ಬಂಡೆ ಸಿಗುವುದಿಲ್ಲ. ಕೈಮುಗಿದು ಹೊರಟರು. ತಿರುವಿನಲ್ಲಿ ಆ ಹೆಂಗಸು ಹಿಂದೆ ತಿರುಗಿ ಕೈ ಬೀಸಿದಳು. ನಾನೂ ಬೀಸಿದೆ.

ಇನ್ನೂ ಬರುತ್ತಾರೆ. ದಾರಿ ನನ್ನ ತೋಟದ ಮುಂದೆಯೇ ಹೋಗುತ್ತದೆ, ಎಲ್ಲರೂ ನನ್ನನ್ನೇ ಕೇಳಬೇಕು.

ನಿನಗೆ ಏನು ಬರೆಯಬೇಕೆಂದು ತೋಚುವುದಿಲ್ಲ ಎಂದಿದ್ದೆ. ನಾನೂ ಈ ಪತ್ರ ಶುರು ಮಾಡಿ ಎರಡು ಸಲ ಹರಿದೆ. ಎದುರಿಗೆ ಕೂತರೆ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ, ಅದು ಆಸ್ಪತ್ರೆಯಲ್ಲೇ ಗೊತ್ತಾಯಿತು. ಹಾಳೆಯ ಮೇಲೆ ಒಂದಿಷ್ಟು ಬರುತ್ತದೆ. ಬರುವಷ್ಟು ಬರೆಯೋಣ. ಇವತ್ತು ಏನು ಅಡುಗೆ ಮಾಡಿದೆ, ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ, ಅಷ್ಟು ಬರೆದರೂ ಸಾಕು. ನನ್ನನ್ನು ಏನನ್ನೂ ಕೇಳುವುದಕ್ಕಿಲ್ಲದಿದ್ದರೂ ಬರೆ.

ಮೌನಿ